ಷರಾ

ತಿಂಗಳ ಮೊದಲ ವಾರ ಕಾಳಿ ದಾಟಿ
ದೇವಬಾಗದ ಮರಳಪಟ್ಟಿಗೆ ಬರುತ್ತೇನೆ.
ಚೀಲದಲ್ಲಿ ಉಕ್ಕಿನ ಟೇಪು, ಒಂದು ಸೀಮೆಸುಣ್ಣ,
ಮೂಲೆ ಮಡಚಿದ ಇಲಾಖೆಯ ರಿಜಿಸ್ಟರು.
ವೀಕ್ಷಣಾ ಬಾವಿ ಸಂಖ್ಯೆ ಹದಿನೇಳು:
ಶೇವಂತಿ ತಾಂಡೇಲಳ ಹಿತ್ತಿಲು,
ಬಲೆ ಒಣಗುವ ಗಾಳಿಮರಗಳ ನಡುವೆ.

ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಅಳಿವೆ,
ಎರಡೂ ಉಪ್ಪು.
ನಡುವೆ ಈ ನೀರು
ಹೇಗೋ ಬಾಯಿಗೆ ಹಿಡಿಸುವಷ್ಟು ಸಿಹಿ.

ಟೇಪಿನ ತುದಿಗೆ ಸುಣ್ಣ ಬಳಿದು ಇಳಿಬಿಡುತ್ತೇನೆ.
ನೀರು ತಾಕಿದ್ದು ಕಿವಿಗೆ ಕೇಳುವುದಿಲ್ಲ,
ಬೆರಳಿಗೆ ತಿಳಿಯುತ್ತದೆ.
ಮೇಲೆಳೆದು, ಬಿಳಿ ಎಲ್ಲಿ ಮಾಸಿದೆಯೋ ಅಲ್ಲಿಗೆ ಓದುತ್ತೇನೆ:
ಎರಡು ಮೀಟರು ಹದಿಮೂರು.
ಬರೆಯುವಷ್ಟರಲ್ಲಿ ಶೇವಂತಿ ಕೇಳುತ್ತಾಳೆ:
"ಭರತವೋ ಇಳಿತವೋ ನೋಡಿ ಬರೆದೆಯಾ, ಬಾಯೀ?"

ನೋಡಿರಲಿಲ್ಲ.
ಕಡಲು ಉಬ್ಬಿದ ಎರಡು ತಾಸಿಗೆ
ಅವಳ ಬಾವಿ ನಾಲ್ಕು ಬೆರಳು ಉಬ್ಬುತ್ತದೆ,
ಆಚೆಮನೆಯ ಗಲಾಟೆಗೆ
ತಡವಾಗಿ ಎದ್ದು ಕೂತ ಮುದುಕಿಯ ಹಾಗೆ.

ಊಟದ ಹೊತ್ತಿಗೆ ವಿವರಿಸಲು ಹೊರಟೆ.
ನಾನು ಇದನ್ನೆಲ್ಲ ಕಲಿತದ್ದು ಧಾರವಾಡದಲ್ಲಿ,
ಸಮುದ್ರ ಕಾಣದ ಕೋಣೆಯಲ್ಲಿ.
ಕೆಳಗೆ ಕೆರೆಯಿಲ್ಲ, ಹೊಳೆಯಿಲ್ಲ;
ಮರಳಿನ ಕಾಳು ಕಾಳಿನ ಸಂದಿಯಲ್ಲಿ
ಹೋದ ವರ್ಷದ ಮಳೆ, ಅದರಾಚೆಯ ಮಳೆ.
ಉಪ್ಪುನೀರು ತೂಕದ್ದು, ಇದು ಹಗುರ, ತೇಲುತ್ತದೆ.
ಕಡಲ ಮಟ್ಟದ ಮೇಲೆ ಒಂದು ಗೇಣು ಸಿಹಿ ನಿಂತರೆ
ಕೆಳಗೆ ನಲವತ್ತು ಗೇಣು ಇಳಿದಿರುತ್ತದೆ,
ದೋಣಿಯ ಹೊಟ್ಟೆಯಂತೆ.
ಮೇಲೆ ಒಂದು ಗೇಣು ಕಳೆದುಕೊಂಡರೆ
ಅಡಿಯಿಂದ ಉಪ್ಪು
ನಲವತ್ತು ಗೇಣು ಏರಿಬರುತ್ತದೆ.

ಶೇವಂತಿ ಬಂಗಡೆಯ ಮುಳ್ಳು ಬಿಡಿಸುತ್ತ
"ಅದಕ್ಕೇ" ಅಂದಳು,
"ನಮ್ಮತ್ತೆ ಬೇಸಿಗೆಯಲ್ಲಿ ಕೊಡ ಮುಳುಗಿಸಲು ಬಿಡುತ್ತಿರಲಿಲ್ಲ.
ಸಣ್ಣ ತಂಬಿಗೆ. ಮೇಲಿನದಷ್ಟೇ, ಕೆನೆ ತೆಗೆದ ಹಾಗೆ.
ನಲವತ್ತು ಅಂತ ಅವಳಿಗೆ ಗೊತ್ತಿರಲಿಲ್ಲ.
ಬೈಯೋದು ಗೊತ್ತಿತ್ತು."

ಕಳೆದ ಮೇ ತಿಂಗಳು
ಬದಿಯ ಕಾಟೇಜಿನ ಐದು ಎಚ್‌ಪಿ ಪಂಪು
ಬೆಳಗಿನಿಂದ ಗುಂಯ್‌ಗುಡುತ್ತಿತ್ತು,
ಹುಲ್ಲಿಗೆ, ಈಜುಕೊಳಕ್ಕೆ.
ಸ್ವಿಚ್ಚು ಒತ್ತುವವನು ಶೇವಂತಿಯ ಅಳಿಯ ದತ್ತಾ.
ನನ್ನ ಮೀಟರು ಮೂರು ಸಾವಿರದ ಇನ್ನೂರು ತೋರಿಸಿತು.
ಅವಳು ನಾಲಿಗೆಗೆ ಹನಿ ಮುಟ್ಟಿಸಿ
"ಗಂಜಿಗೆ ಬೇರೆ ಉಪ್ಪು ಬೇಡ" ಅಂದಳು.
ಅಳಿಯನ ಬಗ್ಗೆ ಏನೂ ಅನ್ನಲಿಲ್ಲ.
ಸಂಜೆ ಅವನೇ ಸೈಕಲ್ಲಿನ ಮೇಲೆ
ಎರಡು ಕ್ಯಾನು ನೀರು ತಂದು ಮೆಟ್ಟಿಲಲ್ಲಿಟ್ಟು
ಒಳಗೆ ಬರದೆ ಹೋದ.

ಜೂನಿನ ಮಳೆ ಗುಡ್ಡದ ಬಂಡೆಯ ಮೇಲೆ
ಬೊಬ್ಬೆ ಹೊಡೆದು ಓಡುತ್ತದೆ.
ಇಲ್ಲಿ ಮರಳಿಗೆ ಬಿದ್ದದ್ದು ಬಿದ್ದಲ್ಲೇ ಕಾಣೆ.
ಉಪ್ಪನ್ನು ಕೆಳಗೆ ಒತ್ತುವುದಕ್ಕೆ
ಚೌತಿ ಕಳೆಯಬೇಕಾಯಿತು.

ಮೊನ್ನೆ ಅಮಾವಾಸ್ಯೆಯ ಇಳಿತ.
ಶೇವಂತಿ ನನ್ನನ್ನು ದಂಡೆಯ ಅಂಚಿಗೆ ಕರೆದೊಯ್ದಳು.
ಮರಳಲ್ಲಿ ಕೂದಲೆಳೆಯಂಥ ಕಾಲುವೆಗಳು,
ನೂರಾರು, ಎಲ್ಲವೂ ಕಡಲ ಕಡೆಗೆ.
ಹಿಮ್ಮಡಿಯಿಂದ ಕೆದಕಿದಳು. ತಣ್ಣಗೆ ಒಸರಿತು.
"ಕುಡಿ."
ಉಪ್ಪಿನ ಹಿಂದೆ, ಎಲ್ಲೋ, ಅವಳ ಬಾವಿ.

"ದಿನಾ ಇಷ್ಟು ಕಡಲಿಗೆ ಹೋಗುತ್ತದಲ್ಲ,
ವ್ಯರ್ಥ" ಅಂದೆ.
"ವ್ಯರ್ಥ ಎಲ್ಲಿ?
ಇದು ತಳ್ಳುತ್ತ ಇರೋದಕ್ಕೇ
ಅದು ಹೊರಗೆ ನಿಂತಿದೆ."

ಷರಾ ಕಾಲಮ್ಮಿನಲ್ಲಿ ಹನ್ನೊಂದು ವರ್ಷ
"ಏನಿಲ್ಲ" ಎಂದೇ ಬರೆದವಳು ನಾನು.
ಅವತ್ತು ಬರೆದೆ:
ಸಮಯ, ಇಳಿತ ಮುಗಿದು ಎರಡು ತಾಸು.
ಮಟ್ಟ, ಒಂದು ಮೀಟರು ತೊಂಬತ್ತು.
ಷರಾ, ಬಾವಿ ಹೊರಗೆ ತಳ್ಳುತ್ತಿದೆ.

ಮೇಲಿನವರು ಕೆಂಪು ಶಾಯಿಯಲ್ಲಿ
ಪ್ರಶ್ನೆಚಿಹ್ನೆ ಹಾಕಿ ವಾಪಸು ಕಳಿಸಿದ್ದಾರೆ.
ತಿದ್ದಬೇಕಂತೆ.
ರಿಜಿಸ್ಟರು ಚೀಲದಲ್ಲಿದೆ,
ಸೀಮೆಸುಣ್ಣದ ಪುಡಿ ಹತ್ತಿಕೊಂಡು.